ತೊಟ್ಟಿಲಿಗೆ ಆನಿಸಿಟ್ಟ ಲ್ಯಾಪ್‌ಟಾಪ್

ದೇವರಾಣೆ, ಇದು ನಾನೇ ಕಂಡದ್ದು. ೨೦೦೯ರಲ್ಲಿ ಮಗಳ ಬಾಣಂತನಕ್ಕೆ ಸ್ವೀಡನ್ನಿನ ವೆಸ್ಟೆರಾಸ್‌ಗೆ ಹೋಗಿದ್ದೆ. ಗಡಿ ದಾಟುವ ಮೆಸೇಜು, ಕರೆಗಳನ್ನು ಅಲ್ಲಿನ ಸರ್ಕಾರ ಕದ್ದು ನೋಡಬಹುದು, ಕೇಳಬಹುದೆಂಬ ಕಾನೂನು ಆಗಷ್ಟೇ ಬಂದಿತ್ತು.

ನಾಮಕರಣದಲ್ಲಿ ಕೂಸಿನ ಕಿವಿಗೆ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ ಪದ್ಮಿನಿ. ಅವಳು ಧಾರವಾಡದಲ್ಲಿದ್ದಳು. ಆರಿಸಿದ ಹೆಸರನ್ನು ತನ್ನ ಅಣ್ಣನಿಗೆ, ಅಂದರೆ ನನ್ನ ಅಳಿಯನಿಗೊಬ್ಬನಿಗೇ ಮೆಸೇಜ್ ಮಾಡಿದ್ದಳು. ಅವಳಿಗೆ ಕರೆ ಹಚ್ಚಿ, ಲ್ಯಾಪ್‌ಟಾಪನ್ನು ತೊಟ್ಟಿಲಿಗೆ ಆನಿಸಿಟ್ಟೆವು.

ಲ್ಯಾಪ್‌ಟಾಪಿನೊಳಗಿಂದ ಕಪ್ಪಿನಲ್ಲಿ ಚಮಚ ಕಲಕುವ ಸದ್ದು ಬಂತು. ಆಮೇಲೆ ಯಾರದೋ ಮೆಲುದನಿ: "ಸಿಂಧೂರ."

ಕೂಸು ನಕ್ಕಿತು. ನಾನೂ ನಕ್ಕೆ. "ಯಾಕವಾ ಪದ್ಮಿನಿ, ಗಂಟಲ ಕೆಟ್ಟೈತೇನು? ಗಂಡಸರ ದನಿ ಬಂದೈತಲ್ಲ!"

"ಕಮಲಮ್ಮಾರ, ನಾ ಇನ್ನೂ ಬಾಯೇ ತಗದಿಲ್ರೀ! ಆದ್ರ ಹೆಸರು ನಾ ಆರಿಸಿದ್ದ ಐತಿ!"

ಆಮೇಲೆ ಅವಳು ಎಷ್ಟು ಕರೆದರೂ ಕೂಸು ತಿರುಗಲಿಲ್ಲ. ಈಗಲೂ ನಾವು ಹೆಸರು ಹಿಡಿದು ಕೂಗಿದರೆ ಸಿಂಧೂರ ಓಗೊಡುವುದಿಲ್ಲ. ಕಪ್ಪಿನಲ್ಲಿ ಚಮಚ ಆಡಿಸಿದರೆ ಮಾತ್ರ ಎದ್ದು ಬರುತ್ತಾಳೆ.