ಒಳಗೇ ಉಳಿದ ಕಹಿ

"ಕಣ್ಣು ಕಾಣಲ್ವಾ ನಿಮಗೆ?"

ಅವಳ ಬಿಳಿ ಕೋಟಿನ ತುಂಬ ಕಹಿ ಎಲೆಯ ಹಸಿರು ರಸ. ಎದುರಿಗೆ ಖಾಲಿ ಬೀಕರ್ ಹಿಡಿದು ನಿಂತಿದ್ದವನು, ಲ್ಯಾಬಿಗೆ ಅಂದೇ ಸೇರಿದ ರಸಾಯನ ವಿಜ್ಞಾನಿ.

"ಛೆ... ಅಷ್ಟು ಕುದಿಸಿ ಇಳಿಸಿದ್ದೆ," ಎಂದ ಅವನು.

ಕೋಟಿನ ಚಿಂತೆಯೇ ಇಲ್ಲ, ರಸದ್ದೇ ಚಿಂತೆ! ಅವಳಿಗೆ ಮೈಯೆಲ್ಲ ಉರಿಯಿತು. "ಆ ಎಲೆಗಿಂತ ನೀವೇ ಕಹಿ," ಎಂದಳು.

ಅಷ್ಟೇ ಸಾಕಾಯಿತು. ಅಂದಿನಿಂದ ಲ್ಯಾಬಿಗೆಲ್ಲ ಅವನು 'ಕಹಿ'. ಅವನು ಆ ಎಲೆಯಿಂದ ತೆಗೆದು ತಂದುಕೊಡುವ ವಿಷದ ಬಾಟಲಿಗೂ ಅವಳು ಅದೇ ಹೆಸರು ಬರೆದು ಅಂಟಿಸಿದಳು.

ಆ ವಿಷವನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸುವುದು ಅವಳ ಕೆಲಸ. ಸಾಯಬೇಕಾದವು ಹಾಯಾಗಿ ಬೆಳೆಯುತ್ತಿದ್ದವು. ಯಾಕೆ? ಇಬ್ಬರೂ ಒಂದೇ ಮೇಜಿಗೆ ಅಂಟಿಕೊಂಡು ಹುಡುಕಿದರು. ಹುಡುಕುತ್ತ ಹುಡುಕುತ್ತ ಅವನ ಗಂಟುಮುಖದ ಹಿಂದಿನ ನಗು ಅವಳ ಕಣ್ಣಿಗೆ ಬಿತ್ತು. ಅವಳು ಸೋತೇಹೋದಳು. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಉತ್ತರ ಸಿಕ್ಕ ದಿನ ಅವಳನ್ನು ಹಿಡಿಯುವವರೇ ಇಲ್ಲ. ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಅವುಗಳ ಪೊರೆಯಲ್ಲೇ ಪಂಪು ಇದೆ ಕಣೇ. ಕಹಿ ಒಳಗೆ ಬಂದ್ರೆ ಸಾಕು, ಕತ್ತು ಹಿಡಿದು ಹೊರಗೆ ತಳ್ಳೋದೇ. ಒಳಗೇ ಉಳಿದ್ರೆ ಬದುಕೋಕೆ ಆಗುತ್ತಾ?"

ಅವನು ಬಾಗಿಲಿಗೆ ಬಂದಾಗ ಪಂಪಿನ ಮಾತು ಮುಗಿದಿತ್ತು. ಕಿವಿಗೆ ಬಿದ್ದದ್ದು ಉಳಿದರ್ಧ. ಬಂದ ದಾರಿಯಲ್ಲೇ ಹಿಂದಿರುಗಿದ.

ಮರುದಿನ ಅವನು ಸಾಮಾನು ತುಂಬಿದ ಪೆಟ್ಟಿಗೆ ಹಿಡಿದು ಹೊರಟಿದ್ದ. ಮೇಲಿನ ಮಹಡಿಯ ಲ್ಯಾಬಿಗೆ ಹೋಗುತ್ತಾನಂತೆ.

"ಒಂದು ಮಾತೂ ಹೇಳದೆ ಹೊರಟ್ರಾ?" ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕತ್ತು ಹಿಡಿದು ತಳ್ಳೋ ಶ್ರಮ ನಿಮಗ್ಯಾಕೆ ಅಂತ..."

ಅಯ್ಯೋ ದೇವರೇ... ಬಾಟಲಿಗೆ ಅಂದದ್ದನ್ನು ಈ ಮಹಾರಾಯ ತನಗೇ ಅಂದುಕೊಂಡಿದ್ದಾನೆ! ಅಳಬೇಕೋ ನಗಬೇಕೋ ತಿಳಿಯದೆ, ಅವನ ತೋಳು ಹಿಡಿದೆಳೆದು ಎರಡು ಗಾಜಿನ ತಟ್ಟೆಗಳ ಮುಂದೆ ನಿಲ್ಲಿಸಿದಳು.

"ಇದರಲ್ಲಿರೋದಕ್ಕೆ ಪಂಪು ಇದೆ. ಬಾಟಲಿಯ ಕಹೀನ ಹೊರಗೆ ತಳ್ಳಿ ಹೇಗೆ ಬೆಳೆದಿದೆ ನೋಡಿ. ಅಕ್ಕನಿಗೆ ಹೇಳ್ತಿದ್ದದ್ದು ಇದನ್ನ."

"ಮತ್ತೆ ಇದು?" ಇನ್ನೊಂದು ತಟ್ಟೆ ಬರಿದಾಗಿತ್ತು.

"ಇದರ ಪಂಪನ್ನ ನಾನೇ ತೆಗೆದೆ. ಒಳಗೆ ಬಂದ ಕಹೀನ ಹೊರಗೆ ಹಾಕೋಕೆ ಆಗಲಿಲ್ಲ ಪಾಪ..." ಅವಳ ದನಿ ಇಳಿಯಿತು. "ನನಗೂ ಆಗ್ತಿಲ್ಲ."

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಗಂಟುಮುಖ ಬಿಚ್ಚಿಕೊಂಡಿತು.

"ಪಂಪು ಇಲ್ಲದ್ದು ಉಳಿದಿಲ್ವಲ್ರೀ."

"ನಾನೆಲ್ಲಿ ಉಳಿದೆ? ಯಾವತ್ತೋ ಹೋದೆ."

"ನಾನು ನಿಮಗಿಂತ ಮುಂಚೆ. ಬೈಸಿಕೊಂಡ ದಿನವೇ." ಅವಳ ಬೆರಳನ್ನು ಹಿಡಿದುಕೊಂಡು ಕೇಳಿದ, "ಆ ಕೋಟಿನ ಕಲೆ ಹೋಯ್ತಾ?"

"ಎಷ್ಟು ಒಗೆದ್ರೂ ಹೋಗಿಲ್ಲ," ಎಂದಳು ಅವಳು. "ಇರಲಿ ಬಿಡಿ."