ನೀರಿಗೇ ಇಳಿಯದ ಕಂಪ್ಯೂಟರ್

ನೀರಿನಿಂದ ಮೇಲೆ ಬಂದ ಪಾಲಣ್ಣ ಮೊದಲು ನಕ್ಕ. ಆಮೇಲೆ ಮೊಣಕೈ ಒತ್ತಿಹಿಡಿದು ಕುಸಿದ. ಕಾಲುಗಳು ತನ್ನವೇ ಅಲ್ಲ ಅನ್ನಿಸುತ್ತಿದೆ ಎಂದ.

1988. ನ್ಯಾಮತಿ ಕಡೆಯ ಒಂದು ಪಾಳುಬಿದ್ದ ಚಿನ್ನದ ಗಣಿ. ಬಾವಿಯಂಥ ಆಳದ ಗುಂಡಿ, ತುಂಬ ಕಪ್ಪು ನೀರು. ತಳಕ್ಕೆ ಬಿದ್ದಿದ್ದ ಪಂಪಿಗೆ ಸರಪಳಿ ಕಟ್ಟಲು ಬಂದವರು ಬಿಳಿಚೋಡಿನ ಇಬ್ಬರು ಗೆಳೆಯರು—ಪಾಲಣ್ಣ, ಉಚ್ಚಂಗೆಪ್ಪ. ಇಬ್ಬರೂ ನೌಕಾಪಡೆಯಲ್ಲಿ ಮುಳುಗುವುದನ್ನು ಕಲಿತವರು.

ಆಮ್ಲಜನಕ ಕೊಡುತ್ತಲೇ ಪಾಲಣ್ಣನನ್ನು ಜೀಪಿಗೆ ಹಾಕಿದರು. ಗಾಳಿಯ ಒತ್ತಡ ಏರಿಸಿ ಇಂಥವರಿಗೆ ಚಿಕಿತ್ಸೆ ಕೊಡುವ ಕೋಣೆ ಇದ್ದದ್ದು ದೂರದ ಕರಾವಳಿಯಲ್ಲಿ. ಹೆಂಡತಿ ಗಾದ್ರಮ್ಮ ಜೀಪು ಹತ್ತುವ ಮುಂಚೆ, ಸುದ್ದಿ ತಿಳಿದು ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ತಿಪ್ಪೇರುದ್ರಸ್ವಾಮಿಯ ಮುಂದೆ ನಿಂತಳು.

"ನಮ್ಮನೆಯವರು ದುಡುಕೋರಲ್ಲ ಸಾಹೇಬ್ರೆ. ಏನೋ ಆಗೈತೆ. ನೋಡ್ರಿ."

ತಿಪ್ಪೇರುದ್ರಸ್ವಾಮಿ ಗಣಿಯ ಎಂಜಿನಿಯರ್ ಓಂಕಾರಪ್ಪನ ಕಡೆ ತಿರುಗಿದರು.

"ಬೆಳಿಗ್ಗೆ ಇಳಿದಿದ್ದೋರನ್ನ ಮತ್ತೆ ಯಾಕೆ ಇಳಿಸಿದ್ರಿ?"

"ಕೈಗೆ ಕಟ್ಟೋ ಕಂಪ್ಯೂಟರ್ ಒಪ್ಪಿತು ಸಾರ್. ಒಪ್ಪದಿದ್ರೆ ಉಚ್ಚಂಗೆಪ್ಪ ಇಳೀಬೇಕಿತ್ತು."

"ಅದು ಹೆಂಗೆ ಹೇಳ್ತದೆ?"

"ಆಳದಲ್ಲಿ ಉಸಿರಾಡಿದಾಗ ಸಾರಜನಕ ಮೈಗೆ ಸೇರ್ತದೆ. ಅದು ಹೊರಗೆ ಹೋಗೋ ಮುಂಚೆ ಮತ್ತೆ ಇಳಿದು, ಜಾಸ್ತಿ ಹೊತ್ತಿದ್ದು ಬಂದ್ರೆ ಒಳಗೇ ಗುಳ್ಳೆ ಏಳ್ತವೆ. ನರಕ್ಕೆ ಹೊಡೀತದೆ. ಬೆಳಿಗ್ಗೆ ಸೇರಿದ್ದನ್ನ ನೆನಪಿಟ್ಟು, ಎರಡನೇ ಸಲದ ಹೊತ್ತನ್ನ ಯಂತ್ರ ಕಡಿಮೆ ಮಾಡ್ತದೆ."

"ಕಡಿಮೆ ಮಾಡಿತ್ತಾ?"

"ಇಲ್ಲ... ಪೂರ್ತಿ ಹೊತ್ತು ತೋರಿಸ್ತಿತ್ತು. ಪಾಲಣ್ಣನೂ ಅನುಮಾನಪಟ್ಟ. ಯಂತ್ರ ಸುಳ್ಳು ಹೇಳ್ತದಾ ಅಂದೆ ನಾನು."

"ಅದು ಕೆಟ್ಟಿರಬೇಕು ಸಾರ್," ಉಚ್ಚಂಗೆಪ್ಪ ನಡುವೆ ಬಾಯಿ ಹಾಕಿದ.

"ನಿಮ್ದೂ ಒಂದು ಐತಲ್ಲ?"

"ಪೆಟ್ಟಿಗೇಲಿ ಐತೆ. ಅದು ಇವತ್ತು ನೀರು ಕಂಡಿಲ್ಲ. ನಾನು ಇಳಿದೇ ಇಲ್ಲವಲ್ಲ."

ತಿಪ್ಪೇರುದ್ರಸ್ವಾಮಿ ಪೆಟ್ಟಿಗೆ ತೆಗೆದರು. ಪಾಲಣ್ಣನ ಕೈಯಿಂದ ಬಿಚ್ಚಿದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಆದರೆ ನೀರೇ ಕಾಣದ ಇದರ ಪರದೆಯ ಮೇಲೂ ಅಂಕಿಗಳಿದ್ದವು. ನೋಡುತ್ತಿದ್ದಂತೆ ಒಂದು ಕಡಿಮೆಯಾಯಿತು.

"ಇದೇನ್ರಿ?"

ಓಂಕಾರಪ್ಪ ಬಗ್ಗಿ ನೋಡಿದ. "ಮೈಯಿಂದ ಸಾರಜನಕ ಹೋಗಾಕೆ ಉಳಿದಿರೋ ಹೊತ್ತು."

"ಯಾರ ಮೈಯಿಂದ?"

ಓಂಕಾರಪ್ಪ ಉಚ್ಚಂಗೆಪ್ಪನ ಕಡೆ ನೋಡಿದ.

"ಎಲ್ಲರೂ ಪಾಲಣ್ಣನ ಕೈಲಿದ್ದದ್ದನ್ನೇ ನೋಡ್ತಾ ಕೂತ್ರಿ," ಎಂದರು ತಿಪ್ಪೇರುದ್ರಸ್ವಾಮಿ. "ಇದನ್ನ ಯಾರೂ ನೋಡ್ಲಿಲ್ಲ. ಬೆಳಿಗ್ಗೆ ಪಾಲಣ್ಣನ ಜೊತೆ ತಳ ಮುಟ್ಟಿ ಬಂದದ್ದು ಇದು. ಊಟಕ್ಕೆ ಕೂತಾಗ ಪಾಲಣ್ಣ ಬಿಚ್ಚಿಟ್ಟಿರ್ತಾರೆ. ಆಮೇಲೆ ಕಟ್ಟಿಕೊಂಡದ್ದು ಇನ್ನೊಂದನ್ನ—ಅವರ ಬೆಳಗಿನ ಮುಳುಗೇ ಗೊತ್ತಿಲ್ಲದ್ದನ್ನ. ಯಂತ್ರ ಕೆಟ್ಟಿಲ್ಲ. ಅದಲುಬದಲಾಗೈತೆ. ಬದಲಾಯಿಸಿದೋರು, ಯಂತ್ರ ಒಪ್ಪದಿದ್ರೆ ಇಳೀಬೇಕಾಗಿದ್ದ ನೀವೇ, ಉಚ್ಚಂಗೆಪ್ಪ."

ಉಚ್ಚಂಗೆಪ್ಪ ನೆಲದ ಮೇಲೆ ಕೂತ.

"ಯಂತ್ರ ಅವನಿಗೆ ಬ್ಯಾಡ ಅಂದಿದ್ರೆ ನಾನು ಇಳೀಬೇಕಿತ್ತು ಸಾರ್. ಹೋದ ವಾರ ಒಳಗಿನ ತೊಲೆಗೆ ಸಿಕ್ಕಿಹಾಕ್ಕೊಂಡಿದ್ದೆ. ಕಣ್ಣು ಮುಚ್ಚಿದ್ರೆ ಅದೇ ಕತ್ತಲೆ. ಹೆದರಿಕೆ ಅಂತ ಹೇಳಾಕೆ ನಾಚಿಕೆಯಾಯ್ತು. ಹಿಂಗಾಗ್ತದೆ ಅಂದ್ಕೊಳ್ಳಲಿಲ್ಲ."

"ಅವತ್ತು ಬಿಡಿಸಿದೋರು ಯಾರು?"

ಉಚ್ಚಂಗೆಪ್ಪ ಗುಂಡಿಯ ಕಡೆ ನೋಡಿದ.

"ಪಾಲಣ್ಣ."

ಮರುದಿನ ಸಂಜೆ ಠಾಣೆಗೆ ಗಾದ್ರಮ್ಮನ ಫೋನು. ಕಾಲ್ಬೆರಳು ಅಲುಗಿವೆ, ನಡೀತಾರೋ ಇಲ್ಲೋ ಗೊತ್ತಿಲ್ಲ ಅಂದಿದಾರೆ ಡಾಕ್ಟ್ರು ಎಂದಳು. ಯಂತ್ರ ಅದಲುಬದಲಾದದ್ದು ಅವಳಿಗಿನ್ನೂ ತಿಳಿದಿರಲಿಲ್ಲ.

"ನಮ್ಮನೆಯವರು ಒಂದು ಮಾತು ಹೇಳು ಅಂದ್ರು ಸಾಹೇಬ್ರೆ. ಪಂಪಿಗೋಸ್ಕರ ಉಚ್ಚಂಗೆಪ್ಪನ್ನ ಇಳಿಸಬ್ಯಾಡ್ರಂತೆ. ಅವನಿಗೆ ಭಯ ಐತಂತೆ, ಬಾಯಿಬಿಟ್ಟು ಹೇಳಲ್ಲವಂತೆ."