ನಗುವಿಗೆ ಹತ್ತಕ್ಕೆ ಹತ್ತು

ಸೇಲ್ಸ್ ಹುಡುಗಿಯ ಕೈಚೀಲ ಬೋರಲು ಹಾಕಿದಾಗ ಒಂಬತ್ತು ಟ್ಯಾಗುಗಳು ಕೌಂಟರಿನ ಮೇಲೆ ಬಿದ್ದವು. ಒಂಬತ್ತೂ ಉಣ್ಣೆ ಕೋಟಿನವು. ಕೋಟುಗಳು ಮಾತ್ರ ಎಲ್ಲೂ ಇರಲಿಲ್ಲ.

"ಕಳ್ಳಿ!" ಮ್ಯಾನೇಜರ್ ಕಿರುಚಿದ. "ಅನ್ನ ಹಾಕಿದ ಅಂಗಡಿಗೇ ಕನ್ನ ಹಾಕ್ತೀಯಾ?"

"ನಂಗೇನೂ ಗೊತ್ತಿಲ್ಲ ಸಾರ್." ಹುಡುಗಿಯ ಬಲಗೆನ್ನೆ ಊದಿತ್ತು. ಮಾತು ಅರ್ಧ ಹೊರಗೆ, ಅರ್ಧ ಒಳಗೆ.

ಕಾವಲುಗಾರ ಗಾಜಿನ ಬಾಗಿಲಿಗೆ ಬೀಗ ಹಾಕಿದ. ಬೆಳಗಿನ ಹನ್ನೊಂದು ಗಂಟೆ. ಒಳಗಿದ್ದ ಗಿರಾಕಿಗಳು ನಾಲ್ಕೇ ಜನ. ಮೂವರು ನಿಜವಾದ ಗಿರಾಕಿಗಳು. ನಾಲ್ಕನೆಯವಳದು ಸೋಗು.

ಅವಳು ಮೊದಲು ದರ್ಜಿಯಾಗಿದ್ದಳು. ಹೊಲಿಗೆ ಮಿಷನ್ನು ಮೂಲೆ ಸೇರಿದ ಮೇಲೆ ಈ ಕೆಲಸ ಹಿಡಿದಳು. ಗಿರಾಕಿಯಂತೆ ಬಟ್ಟೆ ಅಂಗಡಿಗೆ ಹೋಗಬೇಕು. ಟ್ಯಾಗು, ಸ್ಟಿಕ್ಕರು ಸರಿಯಾಗಿವೆಯೇ ಎಂದು ಗುಟ್ಟಾಗಿ ನೋಡಬೇಕು. ನೌಕರರು ನಕ್ಕು ಮಾತಾಡಿಸಿದರೇ ಎಂದು ಅಂಕ ಹಾಕಬೇಕು. ಫಾರ್ಮು ತುಂಬಿ ಆಡಿಟ್ ಆಫೀಸಿಗೆ ಕಳಿಸಬೇಕು. ಸಿಗುವ ಕಾಸು ಬಸ್ಸಿಗೂ ಒಂದು ಬನ್ನಿಗೂ ಸರಿಹೋಗುತ್ತಿತ್ತು. ಟೀ ಬೇಕೆಂದರೆ ನಡೆದು ಬರಬೇಕು. "ನಮ್ಮಕ್ಕ ಭಾರೀ ಗಿರಾಕಿ" ಎಂದು ತಮ್ಮ ಹಂಗಿಸಿ ಹಂಗಿಸಿ, ಬೀದಿಗೆಲ್ಲ ಅವಳು ಗಿರಾಕಿ ಅಕ್ಕ ಆಗಿಬಿಟ್ಟಿದ್ದಳು. ತಾನು ಯಾರೆಂದು ಅಂಗಡಿಯಲ್ಲಿ ಬಾಯಿಬಿಟ್ಟರೆ ಅಂದೇ ಕೆಲಸ ಹೋಯಿತು. ಇದೊಂದು ನಿಯಮಕ್ಕೆ ಮಾಫಿ ಇರಲಿಲ್ಲ.

"ಬಿಡಿ ಸಾರ್, ಪಾಪ. ಹೊಟ್ಟೆಪಾಡು." ಸೂಪರ್‌ವೈಸರ್ ಮಧ್ಯೆ ಬಂದ. ಅಂಗಡಿಯವರೆಲ್ಲ ಅವನನ್ನು ನಗುಮುಖ ಎಂದೇ ಕರೆಯುತ್ತಿದ್ದರು. ಗಿರಾಕಿ ಅಕ್ಕನೂ ಪ್ರತಿ ತಿಂಗಳು ಅವನ ನಗುವಿಗೆ ಹತ್ತಕ್ಕೆ ಹತ್ತು ಹಾಕುತ್ತಿದ್ದಳು.

"ಪೊಲೀಸರಿಗೆ ಫೋನ್ ಮಾಡ್ರೀ," ಎಂದ ಮ್ಯಾನೇಜರ್.

* * *

ಒಬ್ಬ ಪೇದೆಯ ಜೊತೆ ಬಂದ ಇನ್ಸ್‌ಪೆಕ್ಟರ್ ಹೆಂಗಸು. ಭಯಂಕರ ನೆಗಡಿ. ಕರವಸ್ತ್ರ ಮೂಗಿನಿಂದ ಇಳಿಯಲೇ ಇಲ್ಲ.

"ಕೋಟು ಕಡೇ ಸಲ ನೋಡಿದ್ದು ಯಾರು?"

"ನಾನೇ ಮೇಡಂ," ಎಂದ ನಗುಮುಖ. "ಇವತ್ತಿಂದ ಡಿಸ್ಕೌಂಟ್. ನಿನ್ನೆ ಸಂಜೆ ಹನ್ನೆರಡು ಕೋಟಿನ ಟ್ಯಾಗಿಗೂ ನನ್ನ ಕೈಯಾರೆ ಕೆಂಪು ಸ್ಟಿಕ್ಕರ್ ಅಂಟಿಸಿದೀನಿ. ಪಟ್ಟಿಲಿ ಸಹಿನೂ ಇದೆ. ಈಗ ನೋಡಿದ್ರೆ ಮೂರೇ ಕೋಟು."

"ಮಧ್ಯಾಹ್ನ ಸ್ಟಾಕ್ ಎಣಿಸ್ತೀನಿ ಅಂತ ಬೆಳಿಗ್ಗೆ ಹೇಳಿದ್ದೆ," ಎಂದ ಮ್ಯಾನೇಜರ್. "ಅದಕ್ಕೇ ಸೂಪರ್‌ವೈಸರ್ ಮೊದಲೇ ನೋಡಿ ಒಂಬತ್ತು ಕಮ್ಮಿ ಅಂದ, ಎಲ್ಲರ ಚೀಲ ತೆಗೆಸಿದೆ."

"ಈ ಹುಡುಗಿ?"

"ಹಲ್ಲು ನೋವು ಅಂತ ನಾಲ್ಕು ದಿನ ರಜ," ಎಂದ ಮ್ಯಾನೇಜರ್. " ಇವತ್ತು ಹತ್ತಕ್ಕೆ ಬಂದ್ಳು. ಬಂದವಳೇ ಮೂರು ಸಲ ಟ್ರಯಲ್ ರೂಮಿಗೆ ಹೋದ್ಳು."

"ಗಿರಾಕಿಗಳು ಬಿಟ್ಟುಹೋದ ಬಟ್ಟೆ ತರೋಕೆ ಹೋಗಿದ್ದೆ," ಹುಡುಗಿ ಗೊಣಗಿದಳು. "ನನ್ನ ಚೀಲ ಹಿಂದಿನ ರೂಮಿನ ಮೊಳೇಲಿ ನೇತಾಡ್ತಿತ್ತು. ಯಾರು ಬೇಕಾದ್ರೂ ಕೈ ಹಾಕ್ಬಹುದು."

ಮಗುವಿನ ತಳ್ಳುಗಾಡಿ ತಂದಿದ್ದ ಗಿರಾಕಿಯೊಬ್ಬಳ ಮೇಲೆ ಇನ್ಸ್‌ಪೆಕ್ಟರ್ ಕಣ್ಣು ಬಿತ್ತು. ಗಾಡಿಯ ಹಾಸಿಗೆ ಎತ್ತಿಸಿದರು. ಸಿಕ್ಕಿದ್ದು ಎರಡು ಒದ್ದೆ ಲಂಗೋಟಿ. ಕಾವಲುಗಾರನ ಪೆಟ್ಟಿಗೆ ತೆಗೆಸಿದರು. ಅದರಲ್ಲಿ ಹರಿದ ಚಪ್ಪಲಿ. ಅಂಗಡಿಯ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು. ಮ್ಯಾನೇಜರನ ಹತ್ತಿರ ಒಂದು, ಸೂಪರ್‌ವೈಸರನ ಹತ್ತಿರ ಒಂದು.

"ಅಂದ್ರೆ ನನ್ನ ಮೇಲೇ ಅನುಮಾನನಾ?" ಮ್ಯಾನೇಜರನ ಕುತ್ತಿಗೆಯ ನರ ಉಬ್ಬಿತು. "ಹೋದ ತಿಂಗಳ ಆಡಿಟ್ ರಿಪೋರ್ಟ್ ಓದ್ತೀನಿ, ಕೇಳಿ. 'ಸೇಲ್ಸ್ ಹುಡುಗಿ ಒಂದು ಸಲವೂ ನಗಲಿಲ್ಲ. ಬಾಯಿ ಬಿಗಿಹಿಡಿದು ನಿಂತಿದ್ದಳು. ಅಂಕ ಸೊನ್ನೆ.' ಕಳ್ಳರ ಮುಖ ಹಾಗೇ ಇರೋದು!"

ಆ ವಾಕ್ಯ ಗಿರಾಕಿ ಅಕ್ಕನದೇ. ಕೆನ್ನೆ ಊದಿದ್ದು ಅಂದೂ ಕಂಡಿತ್ತು. ಫಾರ್ಮಿನಲ್ಲಿ ಕಾರಣ ಬರೆಯಲು ಜಾಗವಿರಲಿಲ್ಲ. ಜಾಗವಿಲ್ಲವೆಂದು ಬಿಟ್ಟಿದ್ದಳು. ಛೀ, ಎಂಥ ಬಾಳು ಎಂದುಕೊಂಡಳು. ಬನ್ನಿನ ಆಸೆಗೆ ಇನ್ನೊಬ್ಬರ ಹಲ್ಲು ಎಣಿಸುವ ಕೆಲಸ.

* * *

ಕಾಯುವವಳಂತೆ ಅವಳು ಕೋಟಿನ ಸ್ಟ್ಯಾಂಡಿನ ಹತ್ತಿರ ಸರಿದಳು. ಉಳಿದ ಮೂರೂ ಕೋಟಿನ ಟ್ಯಾಗಿನ ಮೇಲೆ ಕೆಂಪು ಸ್ಟಿಕ್ಕರ್ ಇತ್ತು. ಒಂದರ ತೋಳು ಎತ್ತಿ ಮೂಸಿದಳು. ಮೇಲೆ ಮಲ್ಲಿಗೆ ಸೆಂಟು. ಅದರ ಅಡಿಯಲ್ಲಿ ಹುಳಿಹುಳಿ ಬೆವರು, ಯಾರದೋ ಕಂಕುಳಿನದು. ಕಾಲರಿನ ಒಳಗೆ ಟ್ಯಾಗು ಪೋಣಿಸುವ ಜಾಗದಲ್ಲಿ ಒಂದು ತೂತಿರಬೇಕಿತ್ತು. ನಾಲ್ಕಿದ್ದವು. ಜೇಬಿಗೆ ಕೈ ಹಾಕಿದರೆ, ಕಚ್ಚಿ ಬಿಸಾಡಿದ ಹಲ್ಲುಕಡ್ಡಿ.

ಅವಳು ಬೆರಳನ್ನು ಸೆರಗಿಗೆ ಉಜ್ಜಿದಳು. ಹೋದ ತಿಂಗಳೂ ಒಂದು ಜೇಬಿನಲ್ಲಿ ಸಿಂಬಳ ಒರೆಸಿದ ಕಾಗದ ಸಿಕ್ಕಿತ್ತು. "ಜೇಬು ಸ್ವಚ್ಛವಿಲ್ಲ" ಎಂದು ಒಂದು ಅಂಕ ಕಳೆದು ಸುಮ್ಮನಾಗಿದ್ದಳು.

ಕೌಂಟರಿನ ಮೇಲಿದ್ದ ಒಂಬತ್ತು ಟ್ಯಾಗುಗಳತ್ತ ತಿರುಗಿ ನೋಡಿದಳು. ಆಗ ಹೊಳೆಯಿತು.

"ನಡಿಯಮ್ಮ, ಜೀಪ್ ಹತ್ತು," ಇನ್ಸ್‌ಪೆಕ್ಟರ್ ಹುಡುಗಿಯ ರಟ್ಟೆ ಹಿಡಿದರು.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಈ ಹುಡುಗಿ ಹೋಗುತ್ತಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕುವ ಕಬ್ಬಿಣ ಕಾಯಿಸಿಕೊಟ್ಟವಳು ತಾನೇ.

"ಮೇಡಂ, ಒಂದು ನಿಮಿಷ. ಆ ರಿಪೋರ್ಟ್ ಬರೆದವಳು ನಾನು."

ಎಲ್ಲರೂ ತಿರುಗಿದರು. ನಗುಮುಖ ಇನ್ನೂ ನಗುತ್ತಿದ್ದ.

"ಇವತ್ತು ನನ್ನ ಕೆಲಸ ಒಂದೇ. ಪ್ರತಿ ಟ್ಯಾಗಿಗೂ ಕೆಂಪು ಸ್ಟಿಕ್ಕರ್ ಅಂಟಿಸಿದಾರಾ ಅಂತ ನೋಡೋದು. ಈ ಒಂಬತ್ತು ನೋಡಿ. ಒಂದರಲ್ಲಾದ್ರೂ ಇದೆಯಾ?"

ಇನ್ಸ್‌ಪೆಕ್ಟರ್ ಒಂದೊಂದೇ ತಿರುಗಿಸಿದರು. "ಇಲ್ಲ."

"ಕಿತ್ತಿರ್ತಾಳೆ!" ಎಂದ ಮ್ಯಾನೇಜರ್.

ಗಿರಾಕಿ ಅಕ್ಕ ಸ್ಟ್ಯಾಂಡಿನ ಕೋಟೊಂದರ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದಳು. ಟ್ಯಾಗಿನ ಮೇಲ್ಪದರವೇ ಪರ‍್ರನೆ ಕಿತ್ತುಬಂತು. "ಕಿತ್ತರೆ ಹೀಗಾಗುತ್ತೆ. ಆ ಒಂಬತ್ತೂ ನುಣ್ಣಗಿವೆ. ಅಂದ್ರೆ ನಿನ್ನೆ ಸಂಜೆ ಸ್ಟಿಕ್ಕರ್ ಹಾಕೋ ಮೊದಲೇ ಕೋಟಿಂದ ಬೇರೆಯಾಗಿದ್ವು. ಆಗ ಈ ಹುಡುಗಿ ಮನೇಲಿ ಕೆನ್ನೆ ಹಿಡ್ಕೊಂಡು ಮಲಗಿದ್ಳು. ಹಾಗಾದ್ರೆ ಹನ್ನೆರಡಕ್ಕೂ ಕೈಯಾರೆ ಅಂಟಿಸಿದೆ ಅಂತ ಸಹಿ ಹಾಕಿದವರು ಇಲ್ಲದ ಒಂಬತ್ತಕ್ಕೆ ಹೇಗೆ ಅಂಟಿಸಿದ್ರು?"

ಇನ್ಸ್‌ಪೆಕ್ಟರ್ ಒಮ್ಮೆ ಸೀನಿದರು.

"ಲೆಕ್ಕ ತಪ್ಪಿರ್ಬಹುದು ಅಕ್ಕಾ," ಎಂದ ನಗುಮುಖ, ಬೆಣ್ಣೆಯಂಥ ದನಿಯಲ್ಲಿ.

"ತೂತಿನ ಲೆಕ್ಕನೂ ತಪ್ಪಿತಾ? ಹೊಸ ಕೋಟಿಗೆ ಟ್ಯಾಗು ಒಂದೇ ಸಲ ಪೋಣಿಸೋದು. ಇಲ್ಲಿ ನಾಲ್ಕು ತೂತಿದೆ. ಟ್ಯಾಗು ತೆಗೆದು, ಯಾರಿಗೋ ಬಾಡಿಗೆಗೆ ಕೊಟ್ಟು, ಬೆವರು ಸಮೇತ ವಾಪಸ್ ತಂದು, ಸೆಂಟು ಹೊಡೆದು, ಮತ್ತೆ ಪೋಣಿಸಿದೀರಿ. ಈ ಸಲದ ಒಂಬತ್ತು ಮಾರೋ ಸ್ಥಿತೀಲಿ ವಾಪಸ್ ಬರಲಿಲ್ಲ, ಅಲ್ವಾ? ಎಲ್ಲಿವೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಗುಮುಖನ ಕಣ್ಣು ಮೆಟ್ಟಿಲ ಕೆಳಗಿನ ಸಣ್ಣ ಬಾಗಿಲಿಗೆ ಹೋಗಿ ಬಂತು. ನೆಗಡಿ ಇದ್ದದ್ದು ಇನ್ಸ್‌ಪೆಕ್ಟರ್ ಮೂಗಿಗೆ, ಕಣ್ಣಿಗಲ್ಲ.

ಬಾಗಿಲ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಬಿಚ್ಚಿದ ಪೇದೆ ಹಾರಿ ಹಿಂದೆ ಬಂದ. ಒಂಬತ್ತು ಕೋಟು. ಎಣ್ಣೆ ಜಿಡ್ಡು, ಚೆಲ್ಲಿದ ಹೆಂಡ, ಒಣಗಿ ಹಕ್ಕಳೆಗಟ್ಟಿದ ವಾಂತಿ. ತಳ್ಳುಗಾಡಿಯ ತಾಯಿ ಮಗುವಿನ ಮೂಗು ಮುಚ್ಚಿದಳು.

* * *

"ಮದುವೆ ಪಾರ್ಟಿಗೆ ಕೊಟ್ಟಿದ್ದೆ," ಎಂದ ನಗುಮುಖ. "ಕುಡಿದು ಹೊಲಸು ಮಾಡ್ಕೊಂಡು ತಂದ್ರು. ಎಣಿಕೆ ಅಂತ ಸಾರ್ ಹೇಳಿದಾಗ ಬೇರೆ ದಾರಿ ಕಾಣಲಿಲ್ಲ."

"ಈ ಹುಡುಗೀನೇ ಯಾಕೆ?" ಇನ್ಸ್‌ಪೆಕ್ಟರ್ ಕೇಳಿದರು.

ಅವನು ಗಿರಾಕಿ ಅಕ್ಕನ ಕಡೆ ತಿರುಗಿ ನಕ್ಕ. ಅದೇ ಹತ್ತಕ್ಕೆ ಹತ್ತರ ನಗು. "ನಗದೇ ಇರೋಳ ಮೇಲೆ ಹಾಕಿದ್ರೆ ಎಲ್ರೂ ನಂಬ್ತಾರೆ ಅನ್ನಿಸ್ತು. ರಿಪೋರ್ಟಲ್ಲೇ ಇತ್ತಲ್ಲ ಅಕ್ಕಾ."

ಬಾಯಿ ಬೆಲ್ಲ, ಕರುಳು ಕತ್ತರಿ. ಆ ಬೆಲ್ಲಕ್ಕೆ ತಿಂಗಳು ತಿಂಗಳು ಅಂಕ ಹಾಕಿದ ತನ್ನ ಕೈಯೇ ಅವಳಿಗೆ ಹೇಸಿಗೆಯಾಯಿತು.

ಜೀಪು ಅವನನ್ನು ಹತ್ತಿಸಿಕೊಂಡು ಹೋಯಿತು. ಆಡಿಟ್ ಆಫೀಸಿನಿಂದ ಫೋನ್ ಬಂತು. ಮ್ಯಾನೇಜರ್ ಆಗಲೇ ದೂರಿದ್ದ. ನಾಳೆಯಿಂದ ಬರಬೇಡಿ, ಇವತ್ತಿನ ಫಾರ್ಮು ಮಾತ್ರ ತುಂಬಿ ಕಳಿಸಿ ಎಂದರು. ಅವಳು ಫಾರ್ಮನ್ನು ನಾಲ್ಕು ಚೂರು ಮಾಡಿ ಅಂಗಡಿಯ ಮುಂದಿನ ಕಸದ ಡಬ್ಬಕ್ಕೆ ಹಾಕಿದಳು.

ಹಿಂದಿನಿಂದ ಹುಡುಗಿ ಬಂದಳು, ಕೈಚೀಲ ಎದೆಗವಚಿಕೊಂಡು.

"ಅಕ್ಕಾ, ಅವತ್ತು ಸೊನ್ನೆ ಹಾಕಿದ್ದು ನಿಜವಾಗ್ಲೂ ನೀವೇನಾ?"

"ನಾನೇ ಕಣಮ್ಮ."

"ಹಲ್ಲು ನೋಯ್ತಿತ್ತು."

"ಗೊತ್ತಿತ್ತು. ಕೆನ್ನೆ ಊದಿದ್ದು ಕಂಡಿತ್ತು. ಆದ್ರೂ ಬರೆದೆ."

ಹುಡುಗಿ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. ಥ್ಯಾಂಕ್ಸ್ ಎನ್ನಲಿಲ್ಲ, ಬೈಯಲೂ ಇಲ್ಲ. ಚೀಲ ಹೆಗಲಿಗೇರಿಸಿಕೊಂಡು ರಸ್ತೆ ದಾಟಿ ಹೋದಳು. ನಗಲಿಲ್ಲ. ನಗಬೇಕಾದ ಕಾರಣವೂ ಇರಲಿಲ್ಲ.